ಅಳಿವೆಯ ಕೆಸರು ಪೋಷಕಾಂಶ ಬಿಡುತ್ತದೋ, ಹೀರುತ್ತದೋ? ಎಂ.ಎಸ್ಸಿ. ಪ್ರಾಜೆಕ್ಟಿಗೆ ಕತ್ತಲಲ್ಲಿಟ್ಟು ಅಳೆದರೆ ಸಾಕಾ, ಆಕ್ಸಿಜನ್ ಮೈಕ್ರೋಸೆನ್ಸರ್ (ಕೆಸರಿಗೆ ಚುಚ್ಚಿ ಆಮ್ಲಜನಕ ಅಳೆಯುವ ಸೂಜಿಯಂಥ ಸಾಧನ) ಬೇಕಾ?

"ಕತ್ತಲಲ್ಲಿಟ್ಟು ಅಳೆದರೆ ಸಾಕು" ಅನ್ನುವ ಮಾತು ನಂಬಿಯೇ ನಾನು ಒಂದು ವರ್ಷ ಕಳೆದುಕೊಂಡೆ.

ನನ್ನ ಪ್ರಾಜೆಕ್ಟ್ ಇದ್ದದ್ದು ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ. ನೀರು ಇಳಿದಾಗ ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ) ಹೆಕ್ಕುವವರ ಹಿಂದೆ ಕೆಸರಿಗಿಳಿದು, ಅಕ್ರಿಲಿಕ್ ಕೊಳವೆ ಒತ್ತಿ, ಕೆಸರು ಕದಡದಂತೆ ಎತ್ತಿ ತರುತ್ತಿದ್ದೆ. ಲ್ಯಾಬಿನಲ್ಲಿ ಅದರ ಮೇಲೆ ಅಳಿವೆಯ ನೀರು ತುಂಬಿ, ಗುಳ್ಳೆ ಉಳಿಯದಂತೆ ಮುಚ್ಚಿ, ಗಂಟೆಗೊಮ್ಮೆ ಸ್ವಲ್ಪ ನೀರು ತೆಗೆದು ಅಮೋನಿಯಂ, ಫಾಸ್ಫೇಟ್ ಎಂಬ ಪೋಷಕಾಂಶಗಳು ಎಷ್ಟಿವೆ ಅಂತ ನೋಡುವುದು. ಕೊಳವೆಗೆ ಕಪ್ಪು ಬಟ್ಟೆ ಸುತ್ತುತ್ತಿದ್ದೆ. ಬೆಳಕು ಬಿದ್ದರೆ ಪಾಚಿ ಲೆಕ್ಕ ಕೆಡಿಸುತ್ತದೆ ಅಂತ ಸೀನಿಯರ್ ಒಬ್ಬರು ಹೇಳಿದ್ದರು. ಗ್ರಾಫಿನ ಗೆರೆ ಎಷ್ಟು ಚೆಂದ ಏರಿತೆಂದರೆ, ಗಂಟೆಯ ಲೆಕ್ಕವನ್ನು 24ರಿಂದ ಗುಣಿಸಿ "ಈ ಕೆಸರು ದಿನವಿಡೀ ಪೋಷಕಾಂಶ ಬಿಡುತ್ತದೆ" ಅಂತ ಬರೆದೇಬಿಟ್ಟೆ.

ವೈವಾಕ್ಕೆ ಬಂದ ಪರೀಕ್ಷಕರು ಗ್ರಾಫಿನ ಕಡೆ ನೋಡಲೇ ಇಲ್ಲ.

"ಕೊಳವೆ ಒತ್ತುವಾಗ ಕೆಸರಿನ ಬಣ್ಣ ಏನಿತ್ತು?"

"ಮೇಲೆ ಹೊಂಬಣ್ಣ ಸಾರ್, ಕೆಳಗೆ ಕಪ್ಪು."

"ಆ ಹೊಂಬಣ್ಣಕ್ಕೇ ಮುಸುಕು ಹಾಕಿದ್ದೀರಲ್ಲ!"

ಆ ಹೊಂಬಣ್ಣ ಡಯಾಟಮ್‌ಗಳದ್ದು, ಸಿಲಿಕಾ ಕವಚದ ಒಂಟಿಕೋಶದ ಪಾಚಿ. ಹಗಲು ನೀರು ಇಳಿದಾಗ ಮೇಲಕ್ಕೆ ತೆವಳಿ ಬರುತ್ತವೆ, ನೀರು ಏರುವ ಹೊತ್ತಿಗೆ ಒಳಗೆ ಸರಿಯುತ್ತವೆ. ತೆವಳುವಾಗ ಲೋಳೆ ಬಿಡುತ್ತವೆ. ಬಳಚು ಹೆಕ್ಕುವ ಅಜ್ಜಿಯೊಬ್ಬರು ಮೊದಲ ದಿನವೇ "ಬಂಗಾರ ಕಂಡಲ್ಲಿ ಕಾಲಿಡಬೇಡ ತಮಾ, ಜಾರ್ತದೆ" ಅಂದಿದ್ದರು. ನಾನು ಬೀಳದಿರುವುದನ್ನಷ್ಟೇ ಕಲಿತೆ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಕೆಸರಿನಾಳದಲ್ಲಿ ಕೊಳೆತದ್ದರಿಂದ ಅಮೋನಿಯಂ ಮೇಲಕ್ಕೆ ಬರುತ್ತಿರುತ್ತದೆ. ಬೆಳಕಿದ್ದಾಗ ಡಯಾಟಮ್‌ಗಳು ಅದನ್ನು ಬಾಗಿಲಲ್ಲೇ ಹಿಡಿದು ತಿನ್ನುತ್ತವೆ. ಜೊತೆಗೆ ಅವು ಬಿಡುವ ಆಮ್ಲಜನಕ ಕೆಲವು ಮಿಲಿಮೀಟರ್ ಕೆಳಗಿಳಿಯುತ್ತದೆ. ಆ ಪದರದಲ್ಲಿ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ, ತುಕ್ಕಿನ ರೂಪದ ಕಬ್ಬಿಣ ಫಾಸ್ಫೇಟ್ ಹಿಡಿದಿಡುತ್ತದೆ. ಕತ್ತಲಾದರೆ ಈ ಪದರ ತೆಳುವಾಗುತ್ತದೆ, ಕಬ್ಬಿಣದ ಹಿಡಿತ ಸಡಿಲುತ್ತದೆ, ಅಮೋನಿಯಂ, ಫಾಸ್ಫೇಟ್ ಎರಡೂ ನೀರಿಗೆ ಸೋರುತ್ತವೆ. ನಾನು ಅಳೆದದ್ದು ರಾತ್ರಿಯ ಸೋರಿಕೆ, ಬರೆದದ್ದು ಇಡೀ ದಿನದ ಲೆಕ್ಕ. ಅದೂ ನಿಜವಾದ ರಾತ್ರಿಯಲ್ಲ. ಬೆಳಗ್ಗೆಯಿಂದ ಬಿಸಿಲುಂಡ ಪಾಚಿ ಬಟ್ಟೆ ಸುತ್ತಿದ ಮೇಲೂ ಸ್ವಲ್ಪ ಹೊತ್ತು ಅಮೋನಿಯಂ ಹೀರುತ್ತಲೇ ಇರುತ್ತದೆ.

ಇದಕ್ಕಿಂತ ನಾಚಿಕೆಯ ಸಂಗತಿ ಆ 24. ನಾನು ನಿಂತು ಕೊಳವೆ ಒತ್ತಿದ ಜಾಗದಲ್ಲಿ ದಿನಕ್ಕೆರಡು ಸಲ ನೀರೇ ಇರುವುದಿಲ್ಲ. ಆ ಹೊತ್ತಿನಲ್ಲಿ ಕೆಸರು ಯಾವ ನೀರಿಗೆ ಬಿಟ್ಟೀತು?

ಮತ್ತೆ ಮಾಡಿದೆ. ಒಂದೇ ಜಾಗದ ಕೊಳವೆಗಳಲ್ಲಿ ಅರ್ಧದಷ್ಟನ್ನು ಬೆಳಕಿನಲ್ಲಿ ಅಳೆದೆ, ಉಳಿದರ್ಧವನ್ನು ಸೂರ್ಯ ಮುಳುಗಿದ ಮೇಲೆ. ಬೆಳಕಿನವುಗಳಲ್ಲಿ ಅಮೋನಿಯಂ ಗೆರೆ ಹೆಚ್ಚುಕಡಿಮೆ ಮಲಗಿತ್ತು, ಕೆಲವದರಲ್ಲಿ ಇಳಿಯಿತು. ಸಿಲಿಕೇಟ್ ಕೂಡ ಇಳಿಯಿತು, ಕವಚ ಕಟ್ಟಲು ಡಯಾಟಮ್‌ಗಳಿಗೆ ಅದು ಬೇಕಲ್ಲ.

ಹಾಗಾಗಿ "ಬಿಡುತ್ತದೋ ಹೀರುತ್ತದೋ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಹೊತ್ತಿನಲ್ಲಿ ಎಷ್ಟು ಅಂತ ಕೇಳಿಕೊಳ್ಳಿ. ಮೈಕ್ರೋಸೆನ್ಸರ್ ಒಳ್ಳೆಯ ಸಾಧನವೇ, ಆದರೆ ಅದರ ಗಾಜಿನ ಮೊನೆ ಚಿಪ್ಪು ತುಂಬಿದ ಕೆಸರಿನಲ್ಲಿ ಎಷ್ಟು ದಿನ ಉಳಿದೀತು? ಆ ದುಡ್ಡಿಗೆ ಪಾರದರ್ಶಕ ಕೊಳವೆಗಳನ್ನು ಜೋಡಿ ಜೋಡಿಯಾಗಿ ತಗೊಳ್ಳಿ, ಒಳಗಿನ ನೀರು ನಿಧಾನ ತಿರುಗಿಸುವ ಸ್ಟಿರರ್ ತಗೊಳ್ಳಿ. ಮೇಲಿನ ಕೆಲವು ಮಿಲಿಮೀಟರ್ ಕೆಸರು ಕೆರೆದು 90% ಅಸಿಟೋನಿನಲ್ಲಿ ಕ್ಲೋರೋಫಿಲ್ ತೆಗೆಯುವುದನ್ನು ಪ್ರತಿ ಸಲವೂ ಮಾಡಿ, ಪಾಚಿ ಎಷ್ಟಿದೆ ಅಂತ ಅದರಿಂದ ತಿಳಿಯುತ್ತದೆ. ನಾನು ಒಂದೇ ಒಂದು ಸಲ ಮಾಡಿದ್ದರೂ ಆ ಪರೀಕ್ಷಕರ ಪ್ರಶ್ನೆ ನನಗೇ ಮೊದಲು ಹೊಳೆಯುತ್ತಿತ್ತು. ರಾತ್ರಿಯ ಅಳತೆಯನ್ನು ರಾತ್ರಿಯೇ ಮಾಡಿ. ನಿಮ್ಮ ಲ್ಯಾಬಿಗೆ ಸಂಜೆ 5ಕ್ಕೆ ಬೀಗ ಬೀಳುತ್ತದಾದರೆ ದಡದ ಮೇಲೆಯೇ ಬಕೆಟ್ಟಿನಲ್ಲಿ ಅಳಿವೆಯ ನೀರು ತುಂಬಿ ಕೊಳವೆ ನಿಲ್ಲಿಸಿ. ನಾನು ಕೊನೆಗೆ ಮಾಡಿದ್ದು ಹಾಗೇ, ಸೊಳ್ಳೆ ಬತ್ತಿ ಹಚ್ಚಿಕೊಂಡು.