ವಸಂತದ ಕೈಕೆಲಸ: ಎಲೆಯ ಹದ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ

ಪ್ರಶ್ನೆ: 6 ಮತ್ತು 10 ವರ್ಷದ ಇಬ್ಬರು ಮಕ್ಕಳು, ಅಪಾರ್ಟ್‌ಮೆಂಟ್ ಮನೆ. ಯುಗಾದಿಯಿಂದ ಬೇಸಿಗೆ ರಜೆವರೆಗೆ ಮಾಡಿಸಬಹುದಾದ, 100 ರೂಪಾಯಿ ದಾಟದ ಕ್ರಾಫ್ಟ್ ಹೇಳಿ. ಹೋದ ಸಲ ಎಲೆ, ಹೂವು ತಂದು ಮಾಡಿಸಿದ್ದೆಲ್ಲ ಎರಡೇ ದಿನಕ್ಕೆ ಮುದುಡಿ ಕಪ್ಪಾಯಿತು. ಯಾಕೆ?

ಉತ್ತರ: ನಿಮ್ಮ "ಯಾಕೆ"ಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ತಿಳಿದರೆ ಉಳಿದದ್ದೆಲ್ಲ ಸಲೀಸು. ಚೈತ್ರದ ಹೊತ್ತಿಗೆ ಕೈಗೆಟಕುವುದೆಲ್ಲ ಚಿಗುರು. ಮಾವು, ಅರಳಿ ಎರಡೂ ತಾಮ್ರದ ಬಣ್ಣದ ಎಳೆ ಎಲೆ ಹೊತ್ತು ನಿಂತಿರುತ್ತವೆ, ನೋಡಿದರೆ ಕೀಳಬೇಕು ಅನ್ನಿಸುತ್ತದೆ. ಕೀಳಬೇಡಿ. ಚಿಗುರಿನಲ್ಲಿ ನೀರು ಹೆಚ್ಚು, ನಾರು ಕಡಿಮೆ. ಕಿತ್ತ ಒಂದು ಗಂಟೆಯೊಳಗೆ ಜೋತು ಬೀಳುತ್ತದೆ. ಕೈಕೆಲಸಕ್ಕೆ ಬೇಕಾದದ್ದು ಬಲಿತ, ದಟ್ಟ ಹಸಿರಿನ ಎಲೆ. ಪರೀಕ್ಷೆ ಸುಲಭ: ಎಲೆಯನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿ ಬಿಡಿ. ಚಟಕ್ಕನೆ ಬಿಚ್ಚಿಕೊಂಡರೆ ಬಲಿತದ್ದು, ಸುತ್ತಿದ ಹಾಗೇ ಉಳಿದರೆ ಎಳೆಯದು, ಸೀಳು ಬಿಟ್ಟರೆ ಒಣಗಿದ್ದು. 6 ವರ್ಷದ ಮಗುವಿಗೆ ಈ ಪರೀಕ್ಷೆಯ ಕೆಲಸವನ್ನೇ ವಹಿಸಿಬಿಡಿ, ಖುಷಿಯಿಂದ ಮಾಡುತ್ತದೆ.

ಮೊದಲು ಮಾವಿನ ತೋರಣ. ಎಲ್ಲರೂ ಮಾಡುವಂಥದ್ದೇ, ಆದರೆ ಹೆಚ್ಚಿನ ಮನೆಗಳಲ್ಲಿ ಮಧ್ಯಾಹ್ನದೊಳಗೆ ಅರ್ಧ ಎಲೆ ಉದುರಿರುತ್ತದೆ. 3 ಅಡಿ ಅಗಲದ ಬಾಗಿಲಿಗೆ 5 ಅಡಿ ದಾರ ಬೇಕು. ಎರಡೂ ಕಡೆ ಕಟ್ಟಲು ಒಂದೊಂದು ಅಡಿ ಹೋಗುತ್ತದೆ. ಒಂದು ಗೇಣಿಗಿಂತ ಸ್ವಲ್ಪ ಚಿಕ್ಕ ಎಲೆಯಾದರೆ 19 ಅಥವಾ 21 ಸಾಕು. ದಾರ ಸೆಣಬಿನದಿರಲಿ. ನೈಲಾನ್ ದಾರದ ಮೇಲೆ ಎಲೆಗಳು ಜಾರಿ ನಡುವಿಗೆ ಬಂದು ಗುಂಪುಗೂಡುತ್ತವೆ. ಎಲೆಗಳನ್ನು ಕಿತ್ತ ಕೂಡಲೇ ಕಟ್ಟಲು ಕೂರಬೇಡಿ, ಅರ್ಧ ಗಂಟೆ ನೆರಳಲ್ಲಿ ಹರಡಿ. ಆಗ ತೊಟ್ಟಿನ ಸೊನೆಯೂ ಒಣಗುತ್ತದೆ, ನಡುದಿಂಡೂ ಒಂಚೂರು ಮೆತ್ತಗಾಗುತ್ತದೆ. ಮಾವಿನ ಸೊನೆ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಮಾವು ಗೇರಿನ ಕುಟುಂಬದ ಮರವೇ ಅಲ್ಲವೇ. ಕೆಲಸ ಮುಗಿದ ಮೇಲೆ ಮಕ್ಕಳು ಕಣ್ಣುಜ್ಜುವ ಮೊದಲು ಕೈ ತೊಳೆಸಿ.

ಈಗ ಕಟ್ಟುವ ಕ್ರಮ. ಎಲೆಯ ತೊಟ್ಟಿನ ಕಡೆಯ ಸುಮಾರು 2 ಸೆಂ.ಮೀ. ಭಾಗವನ್ನು ದಾರದ ಮೇಲಿಂದ ಹಿಂದಕ್ಕೆ ಮಡಚಿ, ತೊಟ್ಟು ಹಿಂಬದಿಗೆ ಬರುವ ಹಾಗೆ. ಹಿಡಿಸೂಡಿಯ ಕಡ್ಡಿಯನ್ನು 3 ಸೆಂ.ಮೀ. ತುಂಡುಗಳಾಗಿ ಮುರಿದಿಟ್ಟುಕೊಂಡಿರಿ. ಒಂದು ತುಂಡನ್ನು ದಾರದ ಕೆಳಗೆ, ಎರಡೂ ಪದರ ಹಿಡಿಯುವಂತೆ, ನಡುದಿಂಡಿನ ಎಡಕ್ಕೆ ಚುಚ್ಚಿ ಬಲಕ್ಕೆ ಹೊರಡಿಸಿ, ಹೊಲಿಗೆ ಹಾಕಿದ ಹಾಗೆ. ದಿಂಡನ್ನು ದಾಟಿಸುವುದೇ ಇಲ್ಲಿನ ಗುಟ್ಟು. ದಿಂಡಿನ ಒಂದೇ ಬದಿಗೆ ಚುಚ್ಚಿದರೆ ಎಲೆ ತನ್ನ ಭಾರಕ್ಕೆ ತಾನೇ ನರದ ಉದ್ದಕ್ಕೂ ಸೀಳಿ ಉದುರುತ್ತದೆ. ದಾಟಿಸಿ ಚುಚ್ಚಿದರೆ ಭಾರವನ್ನು ದಿಂಡು ಹೊರುತ್ತದೆ. ಸ್ಟೇಪ್ಲರ್ ಹೊಡೆದರೂ ನಿಲ್ಲುತ್ತದೆ, ನಿಜ. ಆದರೆ ಒಣಗಿದ ತೋರಣವನ್ನು ಹಸಿ ಕಸಕ್ಕೆ ಹಾಕುವಾಗ 21 ಪಿನ್ನುಗಳನ್ನು ಕೂತು ಕೀಳುವವರು ಯಾರು? ಇನ್ನು ಬೇವಿನ ಹೂವಿನ ಗೊಂಚಲು ನಡುನಡುವೆ ಚೆನ್ನಾಗಿ ಕಾಣುತ್ತದಾದರೂ ಸಂಜೆಯೊಳಗೆ ಹೊಸ್ತಿಲ ತುಂಬ ಉದುರುತ್ತದೆ. ಗುಡಿಸುವ ತಾಪತ್ರಯ ಬೇಡವೆಂದರೆ ಬರೀ ಬೇವಿನ ಎಲೆ ಸಿಕ್ಕಿಸಿ.

ಎರಡನೆಯದು ಅರಳಿ ಎಲೆಯ ಜಾಲರಿ. ತಾಳ್ಮೆ ಕೇಳುವ ಕೆಲಸ, ಆದರೆ ಇಡೀ ಪಟ್ಟಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಎಲೆಯ ಹಸಿರು ತಿರುಳು ಕೊಳೆತುಹೋಗಿ ನರಗಳ ಬಲೆ ಮಾತ್ರ ಉಳಿಯುತ್ತದೆ. ಬೇಸಿಗೆಯ ಶಾಖದಲ್ಲಿ ಸುಮಾರು ಮೂರು ವಾರ ಹಿಡಿಯುತ್ತದೆ. ಸಾಮಾನ್ಯವಾಗಿ ಶಿವರಾತ್ರಿಗೂ ಯುಗಾದಿಗೂ ಒಂದು ತಿಂಗಳ ಅಂತರ, ಹಾಗಾಗಿ ಹಬ್ಬಕ್ಕೆ ಬೇಕೆಂದರೆ ಶಿವರಾತ್ರಿ ಮುಗಿದ ವಾರವೇ ಎಲೆ ನೀರಿಗೆ ಬಿದ್ದಿರಬೇಕು. ತಡವಾಗಿದ್ದರೆ ರಜೆಗೆ ಇಟ್ಟುಕೊಳ್ಳಿ.

ತೂತಿಲ್ಲದ, ಬಲಿತ 10 ಎಲೆ ಆರಿಸಿ. ಈಗ ತಾನೇ ಉದುರಿದ, ಇನ್ನೂ ಮೆತ್ತಗಿರುವ ಹಳದಿ ಎಲೆಯೂ ಆದೀತು. 10 ಯಾಕೆಂದರೆ ಮೊದಲ ಸಲ ಅರ್ಧ ಹರಿದುಹೋಗುತ್ತವೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಹಳೆಯ ಡಬ್ಬಿಯಲ್ಲಿ ಎಲೆ ಮುಳುಗುವಷ್ಟು ನೀರು ಹಾಕಿ, ತೇಲದಂತೆ ಮೇಲೊಂದು ಕಲ್ಲಿಡಿ. ಬಾಯಿಗೆ ಬಟ್ಟೆ ಬಿಗಿದು ಬಾಲ್ಕನಿಯಲ್ಲಿಡಿ. ನಾಲ್ಕೈದು ದಿನಕ್ಕೆ ವಾಸನೆ ಶುರುವಾಗುತ್ತದೆ. ಬಟ್ಟೆ ಕಟ್ಟುವುದು ಮತ್ತು ಮೂರು ದಿನಕ್ಕೊಮ್ಮೆ ನೀರು ಬದಲಿಸುವುದು ಕಡ್ಡಾಯ, ಇಲ್ಲವಾದರೆ ಕ್ರಾಫ್ಟ್ ಜೊತೆ ಸೊಳ್ಳೆಯನ್ನೂ ಸಾಕಿದಂತಾಗುತ್ತದೆ. ನೀರು ಚೆಲ್ಲುವಾಗ ಪೂರ್ತಿ ಚೆಲ್ಲದೆ ಒಂದು ಲೋಟದಷ್ಟು ಹಳೇ ನೀರು ಉಳಿಸಿದರೆ ಕೊಳೆಯುವ ಕೆಲಸ ನಿಲ್ಲುವುದಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಎಲೆ ತೆಗೆದು ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ. ಬೆಂದ ಕಡಲೆಯ ಸಿಪ್ಪೆ ಜಾರುವ ಹಾಗೆ ಪೊರೆ ಜಾರಿದರೆ ಸಿದ್ಧ. ಎಳೆಯಬೇಕಾಗಿ ಬಂದರೆ ಇನ್ನೊಂದು ವಾರ. ಅವಸರ ಮಾಡಿದ ಎಲೆ ಬಲೆಯ ಸಮೇತ ಕಿತ್ತು ಬರುತ್ತದೆ. ಸಿದ್ಧವಾದದ್ದನ್ನು ತಟ್ಟೆಯಲ್ಲಿ ನೀರಿನೊಳಗೇ ಇಟ್ಟು, ಮೆತ್ತನೆಯ ಹಳೇ ಟೂತ್‌ಬ್ರಷ್‌ನಿಂದ ನಡುದಿಂಡಿನಿಂದ ಅಂಚಿನ ಕಡೆಗೆ ತಟ್ಟುತ್ತಾ ಹೋಗಿ. ತಿಕ್ಕಬಾರದು, ತಟ್ಟಬೇಕು. ಮೊದಲು ಮುರಿಯುವುದು ಅರಳಿಯ ಆ ಉದ್ದನೆ ಬಾಲ, ಹಾಗಾಗಿ ಅದನ್ನು ಕೊನೆಗೆ ಮುಟ್ಟಿ. ತೆಗೆಯುವಾಗ ಕೈಯಿಂದ ಎತ್ತದೆ ಕೆಳಗೊಂದು ದಪ್ಪ ಕಾಗದ ತೂರಿಸಿ ಎತ್ತಿ. ನ್ಯೂಸ್‌ಪೇಪರ್ ನಡುವೆ ಇಟ್ಟು ಮೇಲೆ ಪುಸ್ತಕ ಹೇರಿದರೆ ರಾತ್ರಿ ಕಳೆಯುವಷ್ಟರಲ್ಲಿ ಒಣಗಿರುತ್ತದೆ. ವಾಷಿಂಗ್ ಸೋಡಾದಲ್ಲಿ ಕುದಿಸಿ ಒಂದೇ ದಿನಕ್ಕೆ ಮುಗಿಸುವ ದಾರಿಯೂ ಇದೆ. ಬಿಸಿ ಸೋಡಾ ನೀರು ಚರ್ಮ ಸುಡುತ್ತದೆ, ಮಕ್ಕಳ ಜೊತೆ ಅದು ಬೇಡ.

ಜಾಲರಿಗೆ ಪೋಸ್ಟರ್ ಕಲರ್ ಬಳಿಯಲು ಮಕ್ಕಳಿಗೆ ಆಸೆ. ದಪ್ಪ ಬಣ್ಣ ಕಣ್ಣುಗಳನ್ನೆಲ್ಲ ಮುಚ್ಚಿ, ಮೂರು ವಾರದ ಕೆಲಸ ಮತ್ತೆ ಮಾಮೂಲಿ ಎಲೆಯಂತೆ ಕಾಣುತ್ತದೆ. ಅದರ ಬದಲು ಜಾಲರಿಯನ್ನು ಹಾಗೇ ಬಿಟ್ಟು, ಅಂಟಿಸುವ ಕಾಗದಕ್ಕೆ ಬಣ್ಣ ಕೊಡಿ. ಆ ಬಣ್ಣ ನಿಮ್ಮ ಸಾಂಬಾರ ಡಬ್ಬಿಯಲ್ಲೇ ಇದೆ.

ಒಂದು ಟೀ ಚಮಚ ಅರಿಶಿನ ಪುಡಿಯನ್ನು ಅರ್ಧ ಕಾಫಿ ಲೋಟ ಉಗುರು ಬೆಚ್ಚಗಿನ ನೀರಲ್ಲಿ ಕದಡಿ, ಡ್ರಾಯಿಂಗ್ ಶೀಟಿಗೆ ಹತ್ತಿಯುಂಡೆಯಿಂದ ಸವರಿ. ಪೂರ್ತಿ ಒಣಗಿದ ಮೇಲೆ ಒಣ ಬಟ್ಟೆಯಿಂದ ಪುಡಿ ಒರೆಸಿಬಿಡಿ, ಇಲ್ಲವಾದರೆ ಮುಂದೆ ಬಿಡಿಸುವ ಗೆರೆ ಕಲೆಕಲೆಯಾಗುತ್ತದೆ. ಈಗ ಇನ್ನೊಂದು ಬಟ್ಟಲಲ್ಲಿ ಅರ್ಧ ಚಮಚ ಅಡುಗೆ ಸೋಡಾವನ್ನು ಎರಡು ದೊಡ್ಡ ಚಮಚ ನೀರಲ್ಲಿ ಕರಗಿಸಿ. ಕಡ್ಡಿಯ ತುದಿಗೆ ಹತ್ತಿ ಸುತ್ತಿ ಅದ್ದಿ ಬರೆದರೆ ಹಳದಿ ಹಾಳೆಯ ಮೇಲೆ ಕೆಂಪುಗಂದು ಗೆರೆ ಕಣ್ಣೆದುರೇ ಮೂಡುತ್ತದೆ. ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ! ಅರಿಶಿನದ ಬಣ್ಣ ಕ್ಷಾರಕ್ಕೆ ಕೆಂಪಾಗುತ್ತದೆ, ಹುಳಿಗೆ ಹಿಂದಿರುಗುತ್ತದೆ. ಓಕುಳಿ ನೀರು ಕೆಂಪಾಗುವುದೂ ಅರಿಶಿನಕ್ಕೆ ಸುಣ್ಣ ಬೆರೆತಾಗಲೇ. ಆದರೆ ಸುಣ್ಣ ಕಣ್ಣಿಗೆ ಹಾರಿದರೆ ದೊಡ್ಡ ಅಪಾಯ, ಮಕ್ಕಳ ಕೈಗೆ ಸೋಡಾನೇ ಸಾಕು. ಕೆಂಪು ಸ್ವಲ್ಪ ಮಂಕಾಗಿರುತ್ತದೆ, ಅಷ್ಟೇ.

ಇಲ್ಲಿ ಎಡವುವ ಜಾಗಗಳು ಎರಡು. ಬ್ರಷ್ಷನ್ನು ಸೋಪಿನಲ್ಲಿ ತೊಳೆದು ಸರಿಯಾಗಿ ಜಾಲಿಸದೆ ಅರಿಶಿನಕ್ಕೆ ಅದ್ದಿದರೆ ಹಿನ್ನೆಲೆಯೇ ಕೆಂಪಾಗುತ್ತದೆ, ಸೋಪೂ ಕ್ಷಾರವೇ. ಇನ್ನೊಂದು, ಸಿದ್ಧವಾದ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದರೆ ಕೆಲವೇ ದಿನದಲ್ಲಿ ಹಳದಿ ಹಾರಿಹೋಗುತ್ತದೆ. (ಇದೇ ಕಾರಣಕ್ಕೆ ಬಟ್ಟೆಗೆ ಬಿದ್ದ ಅರಿಶಿನದ ಕಲೆಗೆ ತಿಕ್ಕಾಟಕ್ಕಿಂತ ಬಿಸಿಲೇ ಮದ್ದು.) ಹಾಳೆಯನ್ನು ನಾಲ್ಕು ಭಾಗ ಮಾಡಿ ಮಡಚಿ, ಸೋಡಾ ನೀರಲ್ಲಿ "ಯುಗಾದಿ ಶುಭಾಶಯ" ಬರೆಯಿಸಿ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಬೆರಳಲ್ಲಿ ತೆಳ್ಳಗೆ ಸವರಿ ಜಾಲರಿ ಅಂಟಿಸಿದರೆ ಅಂಗಡಿಯಲ್ಲಿ ಸಿಗದ ಕಾರ್ಡು.

ಊರಿಗೆ ಹೋಗುವವರಿದ್ದರೆ ದಾರಿಯಲ್ಲಿ ಮುತ್ತುಗದ ಮರ ನೋಡುತ್ತಿರಿ. ಎಲೆ ಉದುರಿಸಿ ಕಿತ್ತಳೆ ಹೂವಷ್ಟೇ ಹೊತ್ತ ಮರ ದೂರದಿಂದಲೇ ಗುರುತು ಸಿಗುತ್ತದೆ. ಕೆಳಗೆ ಬಿದ್ದ ಹೂವು ಎರಡು ಹಿಡಿ, ಒಂದು ಲೀಟರ್ ನೀರು. ರಾತ್ರಿ ನೆನೆಸಿ, ಬೆಳಿಗ್ಗೆ 20 ನಿಮಿಷ ಕುದಿಸಿ ಸೋಸಿ. ಹಳೇ ಬಿಳಿ ಹತ್ತಿ ಕರ್ಚೀಫನ್ನು ಮೊದಲು ಪಟಿಕದ ನೀರಲ್ಲಿ (ಕ್ಷೌರದಂಗಡಿಯ ಆ ಬಿಳಿ ಕಲ್ಲು) ಒಂದು ಗಂಟೆ ನೆನೆಸಿ, ಹಿಂಡಿ, ಬಣ್ಣದ ನೀರಿಗೆ ಹಾಕಬೇಕು. ಪಟಿಕ ಬಿಟ್ಟರೆ ಮೊದಲ ಒಗೆತಕ್ಕೇ ಬಣ್ಣ ಹೋಗುತ್ತದೆ. ಪಾಲಿಯೆಸ್ಟರ್ ಬಟ್ಟೆಯಾದರೆ ಏನು ಮಾಡಿದರೂ ಹಿಡಿಯದು.

10 ವರ್ಷದವರಿಗೆ ತೆಂಗಿನ ಗರಿಯ ಗಿರಿಗಿಟ್ಲೆ. ಎಳನೀರಿನವರ ಬಳಿ ಕೇಳಿದರೆ ಹಸಿ ಸೋಗೆ ಸಿಕ್ಕೀತು. ಸುಳಿ ಕೀಳಿಸಬೇಡಿ, ಮರಕ್ಕೆ ಪೆಟ್ಟು. ಸೋಗೆಯ ನಡುಭಾಗದ ಒಂದು ಉದ್ದನೆ ಗರಿ ಸಾಕು: ಕಡ್ಡಿಯಿಂದ ಬಿಡಿಸಿದರೆ ಎರಡು ಪಟ್ಟಿ, ಪ್ರತಿ ಪಟ್ಟಿಯಿಂದ 20 ಸೆಂ.ಮೀ.ನ ನಾಲ್ಕು ತುಂಡು. ಅಂದರೆ ಒಂದೇ ಗರಿಗೆ ಎರಡು ಗಿರಿಗಿಟ್ಲೆ, ಅಚ್ಚಿಗೆ ಕಡ್ಡಿಯೂ ಅದರದ್ದೇ. ಗರಿಯ ಅಂಚು ಬೆರಳು ಕೊಯ್ಯುತ್ತದೆ, ಕತ್ತರಿಯಲ್ಲಿ ಅಂಚು ತೆಗೆದು ಕೊಡಿ.

ನಾಲ್ಕು ತುಂಡನ್ನೂ ಅರ್ಧಕ್ಕೆ ಮಡಚಿ. ಒಂದನೆಯದು ಎರಡನೆಯದರ ಎರಡು ಪದರಗಳ ನಡುವೆ ಕೂರಲಿ. ಎರಡನೆಯದರ ಬಾಲಗಳು ಮೂರನೆಯದರ ನಡುವೆ. ಮೂರನೆಯದರ ಬಾಲಗಳು ನಾಲ್ಕನೆಯದರ ನಡುವೆ. ನಾಲ್ಕನೆಯದರ ಬಾಲಗಳನ್ನು ಒಂದನೆಯದರ ಮಡಿಕೆಯ ಕುಣಿಕೆಯೊಳಗೆ ತೂರಿಸಿ. ನಾಲ್ಕೂ ಬಾಲವನ್ನು ಒಂದೊಂದು ಚೂರು, ಸರದಿಯಲ್ಲಿ ಎಳೆಯಿರಿ. ಒಂದನ್ನೇ ಜಗ್ಗಿದರೆ ಚೌಕ ಸೊಟ್ಟಗಾಗುತ್ತದೆ. ನಡುವೆ ಗಟ್ಟಿ ಚೌಕ ಕೂತ ಮೇಲೆ ರೆಕ್ಕೆಗಳನ್ನು ಸಮ ಉದ್ದಕ್ಕೆ ಕತ್ತರಿಸಿ, ನಾಲ್ಕನ್ನೂ ಒಂದೇ ದಿಕ್ಕಿಗೆ ತುಸು ತಿರುಚಿ. ತಿರುಚದಿದ್ದರೆ ತಿರುಗುವುದಿಲ್ಲ, ಒಂದು ಆ ಕಡೆ ಇನ್ನೊಂದು ಈ ಕಡೆ ತಿರುಚಿದರೂ ತಿರುಗುವುದಿಲ್ಲ. ನಡುಮಧ್ಯೆ ದಬ್ಬಣದಿಂದ ತೂತು ಮಾಡಿ, ಕಡ್ಡಿ ಸಡಿಲವಾಗಿ ಆಡಬೇಕು. ಓಡುವಾಗ ಗಾಳಿ ಚಕ್ರವನ್ನು ಕೈಯ ಕಡೆಗೆ ತಳ್ಳುತ್ತದೆ, ಹಾಗಾಗಿ ತಡೆ ಬೇಕಾದದ್ದು ಚಕ್ರದ ಹಿಂದೆ. ಕಡ್ಡಿಗೆ ದಾರ ಸುತ್ತಿ ಒಂದು ಗಂಟು ಹಾಕಿದರೆ ಆಯಿತು. ಮುಂದೆ ಬೀಳದಂತೆ ಚೂರು ಗರಿ ಸಿಕ್ಕಿಸಿ. ಕಡ್ಡಿಯನ್ನು ಮುಂದಕ್ಕೆ ಚಾಚಿ ಹಿಡಿದು ಓಡಲಿ. ಗರಿ ಒಣಗಿ ಮಡಚಿದಲ್ಲಿ ಬಿರಿಯುತ್ತಿದ್ದರೆ ರಾತ್ರಿಯಿಡೀ ನೀರಲ್ಲಿ ನೆನೆಸಿ.

ಉಳಿದ ಚಿಲ್ಲರೆ ಕೆಲಸಗಳು. ಹೂವು ಒತ್ತಿಡುವುದಾದರೆ ಕಾಗದದ ಹೂವೇ (ಬೋಗನ್‌ವಿಲಿಯ) ಉತ್ತಮ, ಅದು ಮೊದಲೇ ಅರೆ ಒಣಗಿದಂತಿರುತ್ತದೆ, ವಾರದಲ್ಲಿ ಬಣ್ಣ ಉಳಿಸಿಕೊಂಡು ಸಿದ್ಧವಾಗುತ್ತದೆ. ಬೆಂಗಳೂರಿನ ರಸ್ತೆ ತುಂಬ ಬೀಳುವ ಗುಲಾಬಿ ಟಬೂಬಿಯಾ ಹೂವಿನಲ್ಲಿ ನೀರು ಹೆಚ್ಚು, ಪುಸ್ತಕದಲ್ಲಿಟ್ಟರೆ ಕಂದು ಕಲೆ ಮಾತ್ರ ಉಳಿಯುತ್ತದೆ. ನಿಮ್ಮ ಹೋದ ಸಲದ ಹೂವು ಬಹುಶಃ ಅದೇ. 6 ವರ್ಷದವರಿಗೆ ಬಲಿತ ಬೆಂಡೆಕಾಯಿ ಅಡ್ಡ ಕೊಯ್ದು ಅಚ್ಚು; ಕೊಯ್ದ ಮುಖವನ್ನು ಹಳೇ ಬಟ್ಟೆಗೆ ಒತ್ತಿ ಲೋಳೆ ತೆಗೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಏಪ್ರಿಲ್ ಕೊನೆಗೆ ಗುಲ್‌ಮೊಹರ್ ಅರಳಿದಾಗ ಏನೂ ಕಲಿಸಬೇಕಿಲ್ಲ: ಮೊಗ್ಗಿನ ಹಸಿರು ಸಿಪ್ಪೆ ಬಿಡಿಸಿ, ಎಂಜಲು ಹಚ್ಚಿ ಉಗುರಿಗೆ ಅಂಟಿಸಿಕೊಂಡು ಅವರೇ ರಾಕ್ಷಸರಾಗುತ್ತಾರೆ.