ಮೂರು ಹೆಸರಿಗೆ ವಾರ್ನಿಂಗ್, ಆಮೇಲೆ ಮೌನ

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮ ಕನ್ನಡ ಸಂಘದ ಚಂದಾ ಪಟ್ಟಿಗೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಇದೆ. ಪಿಎಚ್‌ಪಿಯ 7.4 ಆವೃತ್ತಿ ಬಿಟ್ಟು 8.0ಕ್ಕೆ ಹೋದ ಮೇಲೆ ಮೊದಲ ಮೂರು ಹೆಸರಿಗೆ ಮಾತ್ರ ‘ಅನ್‌ಡಿಫೈನ್ಡ್ ವೇರಿಯಬಲ್ $ಬಾಕಿ’ (ಅಂದರೆ $ಬಾಕಿಗೆ ಇನ್ನೂ ಬೆಲೆಯೇ ಕೊಟ್ಟಿಲ್ಲ) ಅಂತ ವಾರ್ನಿಂಗ್ ಬರುತ್ತದೆ. ಈ ವಾರ್ನಿಂಗ್ ಕಾಣದ ಹಾಗೆ ಮುಚ್ಚಿಬಿಡಲೇ?

ಉತ್ತರ: ದಯವಿಟ್ಟು ಮುಚ್ಚಬೇಡಿ. ಈ ತಪ್ಪು 7.4ರಲ್ಲೂ ಇತ್ತು. ಆಗ ಅದು ಬರೀ ನೋಟಿಸ್ (ಹಗುರ ಸೂಚನೆ), 8.0ರಲ್ಲಿ ವಾರ್ನಿಂಗ್ (ಅದಕ್ಕಿಂತ ಗಂಭೀರ ಎಚ್ಚರಿಕೆ) ಆಯಿತು ಅಷ್ಟೆ.

ನನಗೆ ಚಿಂತೆ ನಾಲ್ಕನೆಯ ಹೆಸರಿನಿಂದ ಮುಂದಿನದು. ನೀವು ಕಳಿಸಿದ ಲೂಪಿನಲ್ಲಿ (ಪ್ರತಿ ಹೆಸರಿಗೂ ಒಂದೊಂದು ಸುತ್ತು ಓಡುವ ಭಾಗ) ಚಂದಾ ಕಟ್ಟದವರಿಗೆ ಮಾತ್ರ, ಇಫ್ (ಷರತ್ತು) ಒಳಗೆ, $ಬಾಕಿಗೆ ಬೆಲೆ ಸಿಗುತ್ತದೆ. ಮೊದಲ ಮೂವರು ಕಟ್ಟಿದವರು, ಅದಕ್ಕೇ ವಾರ್ನಿಂಗ್. ನಾಲ್ಕನೆಯವರದು 500 ಬಾಕಿ. ಐದನೆಯವರು ಪೂರ್ತಿ ಕಟ್ಟಿದ್ದಾರೆ, ಆದರೂ ಅವರ ಹೆಸರಿನ ಮುಂದೆ ಅದೇ 500 ಬರುತ್ತದೆ! ಲೂಪ್ ಮುಂದಿನ ಸುತ್ತಿಗೆ ಹೋದರೂ ಪಿಎಚ್‌ಪಿ ಹಳೆಯ ಬೆಲೆ ಅಳಿಸುವುದಿಲ್ಲ. ಕಟ್ಟಿದವರಿಗೆ ಬಾಕಿ ಚೀಟಿ ಹೋದರೆ ಎಷ್ಟು ಬೇಜಾರು, ಅಲ್ವಾ?

ಪ್ರಿಂಟ್ ಮಾಡುವಲ್ಲಿ ಸುಮ್ನೆ ‘?? 0’ (ಬೆಲೆ ಇಲ್ಲದಿದ್ದರೆ 0 ತೋರಿಸು) ಹಾಕಿದರೆ ವಾರ್ನಿಂಗ್ ಹೋಗುತ್ತದೆ, ಐದನೆಯವರ 500 ಹೋಗುವುದಿಲ್ಲ. ಲೂಪಿನ ಒಳಗೆ, ಇಫ್‌ಗಿಂತ ಮೊದಲು ‘$ಬಾಕಿ = 0;’ ಬರೆಯಿರಿ. ಲೂಪಿನ ಹೊರಗೆ ಬರೆದರೆ ಉಪಯೋಗವಿಲ್ಲ. ಈಗಾಗಲೇ ಚೀಟಿ ಹಂಚಿದ್ದರೆ, ರಸೀದಿ ಪುಸ್ತಕದ ಜೊತೆ ಇವತ್ತೇ ತಾಳೆ ನೋಡಿ.