ಅಡುಗೆಮನೆ ಅಂಚೆ: ಪೊಟ್ಟಣದ ಬೆನ್ನು ಓದಿ

● ಮಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ. ರೂಮಿನಲ್ಲಿ ಒಬ್ಬನೇ. ರಾತ್ರಿ ಪಾಳಿ ಮುಗಿಯುವಷ್ಟರಲ್ಲಿ ಹೋಟೆಲ್ ಮುಚ್ಚಿರುತ್ತವೆ. ಹತ್ತಿರದ ಅಂಗಡಿಯಿಂದ ‘ಆರೋಗ್ಯಕರ ಸಿರಿಧಾನ್ಯ ಬಿಸಿಬೇಳೆಬಾತ್’ ಪೊಟ್ಟಣ ತಂದು ಬಿಸಿ ಮಾಡಿ ತಿನ್ನುತ್ತಾನಂತೆ, ವಾರಕ್ಕೆ ನಾಲ್ಕು ದಿನ. ನನಗೋ ದಿಗಿಲು. ತಿನ್ನಬಹುದಾ?
— ಒಬ್ಬ ತಾಯಿ, ಮಂಡ್ಯ

ಅಂಥ ಊಟ ನಾನೇ ತಿಂದಿರಲಿಲ್ಲ. ತಿನ್ನದೆ ಏನು ಬರೆಯಲಿ? ಮೊನ್ನೆ ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತಿ ಸರಸ್ವತಿಪುರಂಗೆ ವಾಪಸ್ ಬರುವಾಗ ದಾರಿಯ ಚಿಕ್ಕ ಎ.ಸಿ. ಅಂಗಡಿಗೆ ನುಗ್ಗಿದೆ. ಅಲ್ಲೂ ಇಂಥದ್ದೇ ಒಂದು ಪೊಟ್ಟಣ. ಬೆಲೆ 140 ರೂಪಾಯಿ, ತೂಕ 300 ಗ್ರಾಂ. ಮುಂಭಾಗದಲ್ಲಿ ನವಣೆ ತೆನೆಯ ಚಿತ್ರ, ಹಸಿರು ಎಲೆ, ದೊಡ್ಡಕ್ಷರದಲ್ಲಿ ‘ಸಿರಿಧಾನ್ಯ’.

ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟು ಕತ್ತರಿಸಿದೆ. ಇಂಗು, ಚಕ್ಕೆಯ ಘಮ ಚೆನ್ನಾಗಿಯೇ ಬಂತು. ರುಚಿಯೂ ಪರವಾಗಿಲ್ಲ. ತರಕಾರಿ ಮಾತ್ರ ಹುಡುಕಬೇಕು. ಸಿಕ್ಕ ಎರಡು ತುಂಡು ಕ್ಯಾರೆಟ್ ಬೆರಳು ತಾಗಿಸಿದರೆ ಕರಗುವಂತಿತ್ತು. ನಮ್ಮ ಮನೆಯವರು ಎರಡು ತುತ್ತು ತಿಂದು, “ಮದುವೆಮನೆಯ ಮೂರನೇ ಪಂಕ್ತಿಯ ಬಾತ್ ಇದು” ಅಂದರು. ಅದಕ್ಕಿಂತ ಸರಿಯಾಗಿ ಹೇಳಲು ನನಗೂ ಬರಲ್ಲ.

ಆಮೇಲೆ ಕನ್ನಡಕ ಹಾಕಿಕೊಂಡು ಪೊಟ್ಟಣದ ಬೆನ್ನು ತಿರುಗಿಸಿದೆ. ಸಾಮಗ್ರಿಗಳನ್ನು ತೂಕದ ಪ್ರಕಾರ, ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಅಂತ ಕಾನೂನಿದೆ. ಇಲ್ಲಿ ಮೊದಲು ನೀರು, ಆಮೇಲೆ ಅಕ್ಕಿ, ಆಮೇಲೆ ತೊಗರಿಬೇಳೆ. ನವಣೆ ನಾಲ್ಕನೆಯದು, ಶೇ. 6. ಅಂದರೆ ಇದು ಅಕ್ಕಿ ಬಿಸಿಬೇಳೆಬಾತ್. ನವಣೆ ನೆಂಟರ ಹಾಗೆ ಬಂದು ಕೂತಿದೆ, ಅಷ್ಟೆ.

ಉಪ್ಪಿನ ಲೆಕ್ಕ ಇನ್ನೂ ಮಜಾ. ಸೋಡಿಯಂ 410 ಮಿಲಿಗ್ರಾಂ ಅಂತ ಇದೆ. ಕಡಿಮೆ ಅನಿಸುತ್ತೆ, ಅಲ್ವಾ? ಆದರೆ ಅದು 100 ಗ್ರಾಂಗೆ. ಮೂರನೇ ಒಂದು ಭಾಗ ತಿಂದು ಕೈ ತೊಳೆಯುವವರು ಯಾರು? ಇಡೀ ಪೊಟ್ಟಣಕ್ಕೆ 1,230 ಮಿಲಿಗ್ರಾಂ. ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ: ಮೂರು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಡೀ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ. ಬಿ.ಪಿ. ಇರುವ ನಮ್ಮ ಮನೆಯವರ ಕೈಯಿಂದ ತಟ್ಟೆ ಕಿತ್ತುಕೊಂಡೆ. (ನಮ್ಮ ಉಪ್ಸಾರು ಏನು ಸಾಚಾ ಅಂತ ಕೇಳಬೇಡಿ. ಅಲ್ಲ. ಆದರೆ ಅದರ ಹಣೆಯ ಮೇಲೆ ‘ಆರೋಗ್ಯಕರ’ ಅಂತ ಬರೆದಿಲ್ಲ.)

ನಿಮ್ಮ ಮಗ ತಿನ್ನಲಿ, ಹೆದರಬೇಡಿ. ಬೆಳಗಿನ ಜಾವ ಚಿಪ್ಸ್ ತಿಂದು ಮಲಗುವುದಕ್ಕಿಂತ ಇದು ಎಷ್ಟೋ ವಾಸಿ. ನಾಲ್ಕು ದಿನವನ್ನು ಎರಡಕ್ಕೆ ಇಳಿಸಲು ಹೇಳಿ. ಪೊಟ್ಟಣದ ಅರ್ಧ ಭಾಗಕ್ಕೆ ಉಪ್ಪು ಹಾಕದ ಮೊಸರು, ಒಂದು ಸೌತೆಕಾಯಿ, ತಿನ್ನುವವನಾದರೆ ಬೇಯಿಸಿದ ಮೊಟ್ಟೆ ಸೇರಿಸಿಕೊಳ್ಳಲಿ. ಉಳಿದರ್ಧ ಫ್ರಿಜ್ ಇದ್ದರೆ ಮಾತ್ರ ಮರುದಿನಕ್ಕೆ. ಇಲ್ಲದಿದ್ದರೆ ಪಕ್ಕದ ರೂಮಿನ ಗೆಳೆಯನನ್ನು ಕರೆಯಲಿ. ಉಪ್ಪಿನಕಾಯಿ ಬಾಟಲಿ ಕಟ್ಟಿ ಕಳಿಸಿದ್ದೀರಾ? ಈ ಊಟದ ಜೊತೆ ಅದು ಬೇಡ. ಮುಂದಿನ ಸಲ ರಾಗಿ ಹುರಿಹಿಟ್ಟು ಕಳಿಸಿ. ಮಜ್ಜಿಗೆಗೆ ಕಲಸಿದರೆ ಎರಡು ನಿಮಿಷದ ಕೆಲಸ.

● ಈ ಪೊಟ್ಟಣಗಳು ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಏನೋ ರಾಸಾಯನಿಕ ಹಾಕಿರಲೇಬೇಕು ಅಲ್ವಾ?
— ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು

ಹಾಕಲೇಬೇಕು ಅಂತೇನಿಲ್ಲ. ಉತ್ತರ ನಿಮ್ಮ ಊರಿನಲ್ಲೇ ಇದೆ. ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಅಂದರೆ ಡಿ.ಎಫ್.ಆರ್.ಎಲ್., 1961ರಲ್ಲಿ ಶುರುವಾಗಿ ದಶಕಗಳ ಕಾಲ ಸೈನಿಕರ ಊಟದ ಮೇಲೆ ಕೆಲಸ ಮಾಡಿದೆ. ನಮ್ಮ ಅಡುಗೆಗಳನ್ನು ‘ರಿಟಾರ್ಟ್’ ಪೊಟ್ಟಣಕ್ಕೆ ಇಳಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಊಟವನ್ನು ಪೊಟ್ಟಣಕ್ಕೆ ತುಂಬಿ, ಬಾಯಿ ಬೆಸೆದು, ಆಮೇಲೆ ಒತ್ತಡದಲ್ಲಿ ಸುಮಾರು 121 ಡಿಗ್ರಿ ಶಾಖ ಕೊಡುತ್ತಾರೆ. ಒಂದು ದೊಡ್ಡ ಕುಕ್ಕರ್ ಅಂದುಕೊಳ್ಳಿ. ಕೆಡಿಸುವ ಜೀವಾಣು ಒಳಗೇ ಸಾಯುತ್ತವೆ, ಹೊರಗಿನದಕ್ಕೆ ದಾರಿಯಿಲ್ಲ. ಪೊಟ್ಟಣ ಚಪ್ಪಟೆಯಾಗಿರುವುದರಿಂದ ಶಾಖ ನಡುವಿನ ತನಕ ಬೇಗ ಮುಟ್ಟುತ್ತದೆ. ತಗಡಿನ ಡಬ್ಬಿಯಲ್ಲಿ ಅಷ್ಟು ಬೇಗ ಆಗದು. ಕ್ಯಾರೆಟ್ ಕರಗುವಂತಾಗಿದ್ದು ಈ ಶಾಖಕ್ಕೇ. ಸಂರಕ್ಷಕ ಹಾಕಿದ್ದರೆ ಸಾಮಗ್ರಿ ಪಟ್ಟಿಯಲ್ಲಿ ಬರೆದಿರಬೇಕು, ಓದಿ ನೋಡಿ. ಇಂಥ ಎಷ್ಟೋ ಪೊಟ್ಟಣಗಳಲ್ಲಿ ಅಲ್ಯೂಮಿನಿಯಂ ಪದರ ಇರುತ್ತದೆ. ಅದನ್ನು ಹಾಗೇ ಮೈಕ್ರೋವೇವ್‌ಗೆ ಇಡಬೇಡಿ, ಬಟ್ಟಲಿಗೆ ಸುರಿದುಕೊಳ್ಳಿ.

● ತಂದ ಪೊಟ್ಟಣ ಬಲೂನಿನಂತೆ ಉಬ್ಬಿದೆ. ದಿನಾಂಕ ಇನ್ನೂ ಮುಗಿದಿಲ್ಲ. ಚೆನ್ನಾಗಿ ಕುದಿಸಿ ತಿನ್ನಲಾ?
— ಓದುಗರು, ಮದ್ದೂರು

ಬೇಡ. ರುಚಿ ಕೂಡ ನೋಡಬೇಡಿ. ತೆರೆಯದೆ ಬಿಲ್ಲಿನ ಜೊತೆ ಅಂಗಡಿಗೆ ವಾಪಸ್ ಕೊಡಿ.